ಆಪರೇಷನ್ನನ್ನು ಆಪರೇಷನ್ ಅಂತಲೇ ಕರೆಯಿರಿ

ಹೊಳೆನರಸೀಪುರ ತಾಲ್ಲೂಕಿನ ಒಬ್ಬ ಓದುಗಳು ಕಳೆದ ತಿಂಗಳು ನಮಗೆ ಒಂದು ಜಾಹೀರಾತಿನ ಸ್ಕ್ರೀನ್‌ಶಾಟ್ ಕಳಿಸಿದಳು. "ಬೆಳಿಗ್ಗೆ ಬನ್ನಿ, ಸಂಜೆ ಸ್ಲಿಮ್ ಆಗಿ ಹೋಗಿ. ನೋವಿಲ್ಲ, ಕಲೆಯಿಲ್ಲ, ಅಡ್ಮಿಟ್ ಆಗಬೇಕಿಲ್ಲ. ಇಎಂಐ ಸೌಲಭ್ಯ ಉಂಟು." ಕೆಳಗೆ ಬೆಂಗಳೂರಿನ ಒಂದು ಫೋನ್ ನಂಬರ್. ಅವಳು ಕೇಳಿದ್ದು ಇಷ್ಟೇ: "ಐದು ಸಾವಿರ ಅಡ್ವಾನ್ಸ್ ಹಾಕು ಅಂತಿದಾರೆ, ಹಾಕಬಹುದಾ ಅಕ್ಕಾ?"

ನಾವೇ ಆ ನಂಬರಿಗೆ ಫೋನ್ ಮಾಡಿದೆವು. ಎತ್ತಿದವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. 'ಕೌನ್ಸೆಲರ್' ಅಂತೆ. ಅನಸ್ತೇಷಿಯಾ ಯಾರು ಕೊಡ್ತಾರೆ ಅಂತ ಕೇಳಿದೆವು. "ಎಲ್ಲಾ ನಮ್ಮ ಟೀಮ್ ನೋಡ್ಕೊಳ್ಳುತ್ತೆ ಮೇಡಂ." ಐಸಿಯು ಇದೆಯಾ? "ಇದು ಆಪರೇಷನ್ ಅಲ್ಲ ಮೇಡಂ, ಬರೀ ಪ್ರೊಸೀಜರ್. ಆಫರ್ ಭಾನುವಾರಕ್ಕೆ ಮುಗಿಯುತ್ತೆ."

ನಮ್ಮ ಜಗಳ ಇರುವುದು ಆ ಒಂದು ಮಾತಿನ ಮೇಲೆಯೇ. ಆಪರೇಷನ್ ಅಲ್ಲ ಅನ್ನುವ ಮಾತು.

ನಮ್ಮೂರಲ್ಲಿ ಯಾರಿಗಾದರೂ ಹರ್ನಿಯಾ ಆಪರೇಷನ್ ಅಂದರೆ ಏನಾಗುತ್ತದೆ ನೆನಪಿಸಿಕೊಳ್ಳಿ. ವಾರದ ಮುಂಚೆಯೇ ಮನೆಯಲ್ಲಿ ಮಾತು ಶುರು. ಆಸ್ಪತ್ರೆಯಲ್ಲಿ ಯಾರು ಮಲಗುವುದು, ರಕ್ತ ಬೇಕಾದರೆ ಯಾರು ಕೊಡುವುದು, ಹಸು ಯಾರು ಕರೆದು ಡೈರಿಗೆ ಹಾಲು ಹಾಕುವುದು, ಎಲ್ಲ ತೀರ್ಮಾನ ಆಗುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ಯಾಕಂದರೆ ಅದರ ಹೆಸರು ಆಪರೇಷನ್. ಅದೇ ಹೊಟ್ಟೆಯ ಕೊಬ್ಬು ತೆಗೆಸುವುದಕ್ಕೆ 'ಪ್ಯಾಕೇಜ್', 'ಸೆಷನ್' ಅಂತ ಹೆಸರಿಟ್ಟರೆ ಮನೆಯವರಿಗೆ ಹೇಳುವ ಅಗತ್ಯವೇ ಕಾಣುವುದಿಲ್ಲ. ಹುಡುಗಿ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಹಾಕಿಕೊಂಡು ಬಸ್ ಹತ್ತುತ್ತಾಳೆ.

2022ರ ಮೇ ತಿಂಗಳಲ್ಲಿ ಕನ್ನಡ ಧಾರಾವಾಹಿ ನಟಿ ಚೇತನಾ ರಾಜ್ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ವಯಸ್ಸು 21. ನಿರ್ಲಕ್ಷ್ಯದಿಂದಲೇ ಮಗಳು ಹೋದಳು ಎಂದು ಹೆತ್ತವರು ಆರೋಪಿಸಿದರು. ಆ ಕ್ಲಿನಿಕ್‌ಗೆ ಇದ್ದದ್ದು ಪಾಲಿಕ್ಲಿನಿಕ್ ನಡೆಸುವ ಅನುಮತಿ, ಇಂಥ ಆಪರೇಷನ್ನಿಗೆ ಅನುಮತಿ ಇರಲಿಲ್ಲ ಎಂದು ಆರೋಗ್ಯ ಇಲಾಖೆ ಹೇಳಿದ್ದಾಗಿ ಆಗ ವರದಿಯಾಯಿತು. ನಮ್ಮ ಮನೆಗಳ ಟಿವಿಯಲ್ಲಿ ದಿನಾ ಕಾಣುತ್ತಿದ್ದ ಮುಖ ಅದು. ಆದರೂ ಅರಳಿ ಕಟ್ಟೆಯಿಂದ ಹಿಡಿದು ವಾಟ್ಸಾಪ್ ಗುಂಪಿನ ತನಕ ಕೇಳಿಬಂದ ಮಾತು ಒಂದೇ: "ಇವಳಿಗೆ ಯಾಕೆ ಬೇಕಿತ್ತು?" ಅನುಮತಿ ಇಲ್ಲದ ಕಡೆ ಆಪರೇಷನ್ ಹೇಗೆ ನಡೆಯಿತು ಅಂತ ಕೇಳಿದವರು ಕಡಿಮೆ.

ಇದು ಬರೀ ಹೆಣ್ಣುಮಕ್ಕಳ ಶೋಕಿ ಅನ್ನುವವರಿಗೆ ಇನ್ನೊಂದು ಸಂಗತಿ. 2025ರ ಮಾರ್ಚ್‌ನಲ್ಲಿ ಕಾನ್ಪುರದಲ್ಲಿ ತಲೆಕೂದಲು ಕಸಿ ಮಾಡಿಸಿಕೊಂಡ ಎಂಜಿನಿಯರ್ ಒಬ್ಬರು ಎರಡೇ ದಿನದಲ್ಲಿ ಸತ್ತರು. ಕಸಿ ಮಾಡಿದ್ದು ಹಲ್ಲಿನ ಡಾಕ್ಟರ್ ಎಂಬ ಆರೋಪದ ಮೇಲೆ ಕೇಸಾಯಿತು. ಬೋಳುತಲೆಗೆ ಹೆಣ್ಣು ಸಿಗುವುದಿಲ್ಲ ಅಂತ ಕೊರಗುವ ಹುಡುಗರು ಅರಕಲಗೂಡಿನಲ್ಲೂ ಇದ್ದಾರೆ, ಚನ್ನರಾಯಪಟ್ಟಣದಲ್ಲೂ ಇದ್ದಾರೆ.

ಒಳಗೆ ಏನು ನಡೆಯುತ್ತದೆ ಅಂತ ಜಾಹೀರಾತು ಹೇಳುವುದಿಲ್ಲ. ನಾವು ಹೇಳುತ್ತೇವೆ. ಲೈಪೋಸಕ್ಷನ್ ಅಂದರೆ ಚರ್ಮಕ್ಕೆ ಸಣ್ಣ ತೂತು ಮಾಡಿ, ಉಪ್ಪುನೀರಿನ ಜೊತೆ ಮರಗಟ್ಟಿಸುವ ಔಷಧಿ ಮತ್ತು ರಕ್ತ ತಡೆಯುವ ಔಷಧಿ ಬೆರೆಸಿ ಒಳಗೆ ಬಿಡುತ್ತಾರೆ. ಆಮೇಲೆ ಕೊಳವೆ ಹಾಕಿ ಕೊಬ್ಬನ್ನು ಎಳೆಯುತ್ತಾರೆ. ಔಷಧಿ ಹೆಚ್ಚಾದರೆ ಹೃದಯದ ಬಡಿತ ಏರುಪೇರಾಗಬಹುದು. ದೇಹದಲ್ಲಿ ನೀರಿನ ಲೆಕ್ಕ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಕೊಬ್ಬಿನ ಕಣ ರಕ್ತನಾಳಕ್ಕೆ ಸೇರಿದರೆ ಉಸಿರೇ ನಿಲ್ಲಬಹುದು. ಒಂದೇ ಸಲಕ್ಕೆ 5 ಲೀಟರ್‌ಗಿಂತ ಹೆಚ್ಚು ತೆಗೆದರೆ ಅಪಾಯ ಜಾಸ್ತಿ, ಅಂಥವರನ್ನು ರಾತ್ರಿಯಿಡೀ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬೇಕು. ಇನ್ನೊಂದು ಮಾತು: ಇದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ಅಲ್ಲಲ್ಲಿ ಕೂತ ಕೊಬ್ಬನ್ನು ತೆಗೆದು ಆಕಾರ ಸರಿಮಾಡುವುದು ಅಷ್ಟೇ. ಸಕ್ಕರೆ ಕಾಯಿಲೆ ಇದರಿಂದ ಹೋಗುವುದಿಲ್ಲ.

ಹಾಗೆ ತೆಗೆದ ಕೊಬ್ಬನ್ನೇ ಶುದ್ಧ ಮಾಡಿ ಕೆನ್ನೆಗೋ ಎದೆಗೋ ಸೊಂಟದ ಹಿಂಭಾಗಕ್ಕೋ ತುಂಬುವುದು ಫ್ಯಾಟ್ ಗ್ರಾಫ್ಟಿಂಗ್, ಅಂದರೆ ಕೊಬ್ಬಿನ ಕಸಿ. ಮಾವಿನ ಗಿಡಕ್ಕೆ ಕಸಿ ಕಟ್ಟಿದವರಿಗೆ ಗೊತ್ತು, ಕಟ್ಟಿದ್ದೆಲ್ಲ ಹಿಡಿಯುವುದಿಲ್ಲ. ಇಲ್ಲೂ ಅಷ್ಟೇ. ತುಂಬಿದ ಕೊಬ್ಬಿನಲ್ಲಿ ಒಂದು ಪಾಲನ್ನು ದೇಹವೇ ಕರಗಿಸಿಬಿಡುತ್ತದೆ. ಎಷ್ಟು ಉಳಿಯಿತು ಅಂತ ಗೊತ್ತಾಗಲು ಮೂರು ತಿಂಗಳಾದರೂ ಬೇಕು. ಆಗ "ಇನ್ನೊಂದು ಸೆಷನ್ ಬೇಕು" ಅನ್ನುತ್ತಾರೆ, ಅದಕ್ಕೆ ಇನ್ನೊಂದು ಬಿಲ್. ಇದರಲ್ಲಿ ಅತಿ ಅಪಾಯದ್ದು ಹಿಂಭಾಗಕ್ಕೆ ಕೊಬ್ಬು ತುಂಬುವುದು. ಸೂಜಿ ಸ್ವಲ್ಪ ಆಳಕ್ಕೆ ಹೋದರೆ ಅಲ್ಲಿನ ದೊಡ್ಡ ರಕ್ತನಾಳದ ಮೂಲಕ ಕೊಬ್ಬು ನೇರ ಹೃದಯ, ಶ್ವಾಸಕೋಶಕ್ಕೆ ಸೇರುತ್ತದೆ. ಇಂಥ ಆಪರೇಷನ್ ಮಾಡಿಸಿಕೊಂಡ ಸುಮಾರು ಮೂರು ಸಾವಿರ ಜನರಲ್ಲಿ ಒಬ್ಬರು ಸಾಯುತ್ತಿರಬಹುದು ಎಂದು 2017ರಲ್ಲಿ ಸರ್ಜನ್ನರ ತಂಡವೇ ಲೆಕ್ಕ ಹಾಕಿ ಎಚ್ಚರಿಸಿತು.

ಹಾಗಂತ ಪ್ಲಾಸ್ಟಿಕ್ ಸರ್ಜರಿಯೇ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಅದರಲ್ಲಿ ಪ್ಲಾಸ್ಟಿಕ್ ಏನೂ ಇಲ್ಲ, ರೂಪ ಕೊಡುವುದು ಅನ್ನುವ ಗ್ರೀಕ್ ಮಾತಿನಿಂದ ಬಂದ ಹೆಸರು ಅದು. ಒಲೆಯ ಬೆಂಕಿಗೆ ಸೆರಗು ಹತ್ತಿ ಕುತ್ತಿಗೆ ಅಂಟಿಕೊಂಡ ಹೆಂಗಸು ಮತ್ತೆ ತಲೆ ಎತ್ತಿ ನೋಡುವುದು, ಸೀಳುತುಟಿಯ ಮಗು ಹಾಲು ಕುಡಿಯುವುದು ಇದೇ ವಿದ್ಯೆಯಿಂದ. ಸುಟ್ಟ ಕಲೆ ಮೆತ್ತಗಾಗಲು, ಕ್ಯಾನ್ಸರ್‌ಗೆ ಎದೆ ತೆಗೆಸಿದವರಿಗೆ ಆಕಾರ ಕೊಡಲು ಕೊಬ್ಬಿನ ಕಸಿಯೂ ಉಪಯೋಗಕ್ಕೆ ಬರುತ್ತದೆ. ಚೆಂದ ಕಾಣಬೇಕು ಅನ್ನುವ ಆಸೆಯೂ ತಪ್ಪಲ್ಲ. ಪ್ರಾಯಕ್ಕೆ ಬಂದವರ ದೇಹ ಅವರದ್ದು. ನಮ್ಮ ಸಿಟ್ಟು ಆಪರೇಷನ್ನನ್ನು ಬ್ಯೂಟಿ ಪಾರ್ಲರ್ ಕೆಲಸದ ಹಾಗೆ ಮಾರುವವರ ಮೇಲೆ. ರೋಗಿಗಳನ್ನು ಜಾಹೀರಾತು ಕೊಟ್ಟು ಸೆಳೆಯಬಾರದು ಎಂದು ಡಾಕ್ಟರುಗಳ 2002ರ ನೀತಿ ನಿಯಮವೇ ಹೇಳುತ್ತದೆ. ಹಾಗಿರುವಾಗ ಹಬ್ಬದ ಸೀರೆಯ ಹಾಗೆ ಡಿಸ್ಕೌಂಟ್ ಎಲ್ಲಿಂದ ಬಂತು?

ಸಿಟ್ಟಿನಲ್ಲಿ ಒಂದು ಪಾಲು ನಮ್ಮ ಮನೆಗಳ ಮೇಲೂ ಇದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೊಸ್ತಿಲು ದಾಟುವಾಗ "ಹುಡುಗಿ ಸ್ವಲ್ಪ ದಪ್ಪ ಆದಳು" ಅಂದು ಹೋಗುತ್ತಾರೆ. ಹೆರಿಗೆಯಾಗಿ ವರ್ಷವಾಗದ ಸೊಸೆಯ ಹೊಟ್ಟೆ ನೋಡಿ ಅತ್ತೆ, ನಾದಿನಿ ನಗುತ್ತಾರೆ. ಆ ಮಾತು ಕೇಳಿದ ದಿನವೇ ಫೋನಿನಲ್ಲಿ ಈ ಜಾಹೀರಾತು ಕಂಡರೆ ಕೈ ತಾನಾಗಿ ಹೋಗುತ್ತದೆ. ಹಂಗಿಸಿದವರು ನಾವು. ಆಮೇಲೆ "ಯಾಕೆ ಬೇಕಿತ್ತು" ಅಂತ ಕೇಳುವವರೂ ನಾವೇ.

ಹೋಗಲೇಬೇಕು ಅಂತ ನಿರ್ಧಾರ ಮಾಡಿದವರು ದುಡ್ಡು ಕೊಡುವ ಮುಂಚೆ ಇಷ್ಟು ಕೇಳಿ. ಆಪರೇಷನ್ ಮಾಡುವ ಡಾಕ್ಟರ್ ಹೆಸರೇನು, ಎಂಬಿಬಿಎಸ್ ಆದಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದ್ದಾರಾ, ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಎಷ್ಟು? ಅರಿವಳಿಕೆ ತಜ್ಞರು ಕೊನೆಯ ತನಕ ಪಕ್ಕದಲ್ಲೇ ಇರುತ್ತಾರಾ? ಐಸಿಯು ಅದೇ ಕಟ್ಟಡದಲ್ಲಿದೆಯಾ? ಕೆಪಿಎಂಇ ಕಾಯ್ದೆಯಡಿ ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ, ಅದರಲ್ಲಿ ಈ ಆಪರೇಷನ್ನಿಗೆ ಅನುಮತಿ ಇದೆಯಾ? ಉತ್ತರ ಬಾಯಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಬರೆದು ಕಳಿಸಲಿ. "ಎಲ್ಲಾ ಟೀಮ್ ನೋಡ್ಕೊಳ್ಳುತ್ತೆ" ಅಂದರೆ ಅಲ್ಲಿಗೆ ಮುಗಿಯಿತು.

ತಯಾರಿಯೂ ಆಪರೇಷನ್ನಿನ ತಯಾರಿಯೇ ಆಗಬೇಕು. ಹಿಮೋಗ್ಲೋಬಿನ್, ಸಕ್ಕರೆ, ಬಿಪಿ, ಹೃದಯ ನೋಡದೆ ಟೇಬಲ್ ಮೇಲೆ ಮಲಗಿಸುವ ಜಾಗದಿಂದ ಎದ್ದು ಬನ್ನಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ತಿನ್ನುವ ಮಾತ್ರೆ, ನಾಟಿ ಔಷಧಿ, ಹಿಂದಿನ ಹೆರಿಗೆ, ಆಪರೇಷನ್, ಅಲರ್ಜಿ ಯಾವುದನ್ನೂ ಮುಚ್ಚಿಡಬೇಡಿ. ಬೀಡಿ ಸಿಗರೇಟು ಸೇದುವವರು ನಾಲ್ಕು ವಾರ ಮುಂಚೆಯೇ ಬಿಡಬೇಕು. ಡಾಕ್ಟರ್ ಹೇಳಿದಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯ, ಮನೆಯ ಒಬ್ಬರಿಗಾದರೂ ಹೇಳಿ, ಜೊತೆಗೆ ಕರೆದುಕೊಂಡು ಹೋಗಿ.

"ಸಂಜೆಗೆ ಮನೆಗೆ" ಅನ್ನುವುದು ಬೆಂಗಳೂರಲ್ಲೇ ಮನೆ ಇರುವವರಿಗೆ ಹೇಳಿದ ಮಾತು. ಕೊಬ್ಬು ತೆಗೆಸಿಕೊಂಡು ಅವತ್ತೇ ನಾಲ್ಕು ಗಂಟೆ ಬಸ್ಸಿನಲ್ಲಿ ಕಾಲು ಮಡಚಿ ಕೂತು ಬಂದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೊದಲ ದಿನಗಳು ಆಸ್ಪತ್ರೆಗೆ ಹತ್ತಿರವೇ ಉಳಿಯಬೇಕು, ಮೆಲ್ಲಗೆ ಓಡಾಡುತ್ತಿರಬೇಕು. ಬಿಗಿ ಬಟ್ಟೆಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಾಕಿಕೊಂಡಿರಬೇಕು. ಅಷ್ಟೂ ದಿನ ಹುಲ್ಲಿನ ಹೊರೆ, ನೀರಿನ ಬಿಂದಿಗೆ, ಶುಂಠಿ ಮೂಟೆ ಮುಟ್ಟುವ ಹಾಗಿಲ್ಲ. ಊತ ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಮದುವೆಗೆ ಹದಿನೈದು ದಿನ ಇದೆ ಅಂತ ಹೋಗುವವರು ಇದನ್ನು ಎರಡು ಸಲ ಓದಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಒಂದು ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಏರಿದರೆ, ಚರ್ಮ ಕಪ್ಪಾದರೆ, ಮಾತು ತಡವರಿಸಿದರೆ ಕ್ಲಿನಿಕ್‌ನ ಕೌನ್ಸೆಲರ್‌ಗೆ ಮೆಸೇಜ್ ಹಾಕಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಕೊಬ್ಬು ತೆಗೆಸಿದ್ದು ನಾಚಿಕೆ ಅಂತ ಅಲ್ಲಿ ಸುಳ್ಳು ಹೇಳಬೇಡಿ, ಆ ಸುಳ್ಳಿನಲ್ಲೇ ಹೊತ್ತು ಹೋಗುತ್ತದೆ.

ಮೋಸ ಆದರೆ ದಾರಿ ಇದೆ. ಕ್ಲಿನಿಕ್ ಇರುವ ಜಿಲ್ಲೆಯ ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ದುಡ್ಡು ತೆಗೆದುಕೊಂಡು ಕೊಟ್ಟ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಬಿಲ್, ಸಹಿ ಹಾಕಿದ ಕಾಗದ, ಜಾಹೀರಾತಿನ ಸ್ಕ್ರೀನ್‌ಶಾಟ್ ಜೋಪಾನ ಮಾಡಿ. ಆದರೆ ಇದೆಲ್ಲ ಜೀವ ಉಳಿದವರಿಗೆ ಸಿಗುವ ನ್ಯಾಯ. ಅಧಿಕಾರಿಗಳು ಸತ್ತಮೇಲೆ ಬೀಗ ಹಾಕುವುದನ್ನು ಬಿಟ್ಟು, ನೋಂದಣಿ ನಂಬರ್ ಇಲ್ಲದ, ಆಪರೇಷನ್ ಅನ್ನುವ ಪದವೇ ಇಲ್ಲದ ಜಾಹೀರಾತು ಕಂಡ ದಿನವೇ ಬಾಗಿಲು ತಟ್ಟಲಿ. ಅಂಥ ಜಾಹೀರಾತು ನಿಮ್ಮ ಫೋನಿಗೆ ಬಂದರೆ ಡಿಲೀಟ್ ಮಾಡಬೇಡಿ, ನಮಗೆ ಕಳಿಸಿ. ಒಟ್ಟು ಮಾಡಿ ನಾವೇ ಇಲಾಖೆಗೆ ಕೊಡುತ್ತೇವೆ.

ಹೊಳೆನರಸೀಪುರದ ಆ ತಂಗಿ ಮೇಲಿನ ಪ್ರಶ್ನೆಗಳನ್ನೆಲ್ಲ ಟೈಪ್ ಮಾಡಿ ಕಳಿಸಿದ್ದಾಳೆ. ಎರಡು ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ. ಭಾನುವಾರ ಮುಗಿಯಬೇಕಿದ್ದ ಆಫರ್ ಮಾತ್ರ ಇನ್ನೂ ನಡೆಯುತ್ತಿದೆ.