ಮಾತ್ರೆಯ ಪೆಟ್ಟಿಗೆಯೂ ಮನೆಯವರ ಹೊಣೆಯೂ

ವಾರ್ಧಕ್ಯದಲ್ಲಿ ರಕ್ತದೊತ್ತಡ, ಮಧುಮೇಹ, ಥೈರಾಯ್ಡಿನ ದೋಷ ಇವೆಲ್ಲವೂ ಒಂದೇ ದೇಹವನ್ನು ಆಶ್ರಯಿಸಿದಾಗ, ಬರಿಹೊಟ್ಟೆಯಲ್ಲಿ ಒಂದು, ತಿಂಡಿಯ ತರುವಾಯ ಎರಡು, ಮಲಗುವ ಮುನ್ನ ಮತ್ತೊಂದು ಎಂಬ ಕ್ರಮವನ್ನು ದೃಷ್ಟಿ ಮಂದವಾದ ಹಿರಿಯರು ನಿತ್ಯವೂ ತಪ್ಪದೆ ನಡೆಸಿಕೊಂಡು ಬರಬೇಕೆಂಬುದು ಸಾಮಾನ್ಯವಾದ ಭಾರವಲ್ಲ. ಮುಂದುವರಿದ ರಾಷ್ಟ್ರಗಳಲ್ಲಿಯೂ ದೀರ್ಘಕಾಲದ ರೋಗಗಳಿಗೆ ಔಷಧವನ್ನು ಕ್ರಮವಾಗಿ ಸೇವಿಸುವವರು ಸರಾಸರಿ ಶೇಕಡ 50ರಷ್ಟು ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿಯೇ ಹೇಳಿತ್ತು.

ಆದುದರಿಂದ, ಹೊತ್ತಿಗೆ ಸರಿಯಾಗಿ ಸದ್ದುಮಾಡಿ, ಆ ಹೊತ್ತಿನ ಖಾನೆಯೊಂದನ್ನೇ ತೆರೆದು, ಉಳಿದುವನ್ನು ಬೀಗದೊಳಗೆ ಕಾಯ್ದಿರಿಸುವ ಸ್ವಯಂಚಾಲಿತ ಮಾತ್ರೆಪೆಟ್ಟಿಗೆಯನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ನುಂಗಿದೆನೋ ಇಲ್ಲವೋ ಎಂಬ ಸಂಶಯದಿಂದ ಮತ್ತೊಮ್ಮೆ ನುಂಗಿಬಿಡುವ ಅಪಾಯವು ಅದರಿಂದ ಬಹುಮಟ್ಟಿಗೆ ತಪ್ಪುವುದು. ಆದರೆ ಅದನ್ನು ತುಂಬುವುದು ಮನುಷ್ಯನ ಕೈ. ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುವ ಮೆಥೊಟ್ರೆಕ್ಸೇಟನ್ನು ಅಜಾಗರೂಕತೆಯಿಂದ ದಿನದಿನದ ಖಾನೆಗಳಲ್ಲಿ ತುಂಬಿದರೆ, ಯಂತ್ರವು ಆ ಪ್ರಮಾದವನ್ನೇ ಪ್ರತಿನಿತ್ಯವೂ ಯಥಾವತ್ತಾಗಿ ನೀಡುವುದು. ಅದು ಪ್ರಾಣಕ್ಕೇ ಎರವಾದೀತು. ಎದೆನೋವು ಬಂದಾಗ ನಾಲಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆಯಂತೂ ಮೂಲ ಸೀಸೆಯಿಂದ ಹೊರಬಂದರೆ ಸತ್ತ್ವಹೀನವಾಗುವುದು. ಅದು ಸದಾ ಕೈಗೆಟುಕುವಲ್ಲಿರಬೇಕು, ಬೀಗದೊಳಗಲ್ಲ. ಇನ್ನೊಂದು ಮಾತು: ಮಾತ್ರೆಯು ಬಟ್ಟಲಿಗೆ ಬಿದ್ದುದನ್ನು ಯಂತ್ರ ಬಲ್ಲುದು, ಗಂಟಲಿಗೆ ಇಳಿದುದನ್ನು ಅರಿಯದು.

ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು ದೂರದಲ್ಲಿ ನೆಲಸಿರುವ ಮಕ್ಕಳು ಈ ಪೆಟ್ಟಿಗೆಯನ್ನು ಅವಶ್ಯವಾಗಿ ಕೊಂಡು ಕಳುಹಿಸಲಿ. ಅದರೊಡನೆ, ವೈದ್ಯರ ಚೀಟಿ ಬದಲಾದಾಗಲೆಲ್ಲ ತಿಳಿದವರೊಬ್ಬರು ಮನೆಗೆ ಬಂದು, ಚೀಟಿಯನ್ನು ಎದುರಿಗಿಟ್ಟುಕೊಂಡು ಖಾನೆಗಳನ್ನು ಹೊಸದಾಗಿ ತುಂಬುವ ಏರ್ಪಾಡನ್ನೂ ಮಾಡಲಿ.