ನೆರೆಹೊರೆಯನ್ನು ಮಾರಿಕೊಂಡವರು

"ಆಟವೆಂದರೆ ಆಟ. ಯಾರ ಮೇಲೆ ಆಡಿದರೇನು?" ಎಂದು ಮಿತ್ರರೊಬ್ಬರು ಕೇಳಿದರು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮಾತು ಬಂದಾಗ ನಾನು ತುಸು ಹೆಚ್ಚಾಗಿಯೇ ಕೆರಳಿದ್ದನ್ನು ಕಂಡು ಅವರಿಗೆ ನಗು ಬಂದಿತ್ತು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದು ಹೇಳುತ್ತೇನೆ. ಯಾರ ಮೇಲೆ ಆಡುತ್ತೇವೆ ಎಂಬುದೇ ಕಾಲೇಜು ಆಟದ ಮುಕ್ಕಾಲು ಪಾಲು. ಚೆಂಡು, ಬುಟ್ಟಿ ಇವೆಲ್ಲ ಉಳಿದ ಕಾಲು ಪಾಲು. ಆ ಮುಕ್ಕಾಲು ಪಾಲನ್ನು ಅಲ್ಲಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಟೆಲಿವಿಷನ್ ಕಂಪನಿಗಳಿಗೆ ಮಾರಿಬಿಟ್ಟಿವೆ. ಮಾರಿದ್ದಷ್ಟೇ ಅಲ್ಲ, ಅದನ್ನು ಪ್ರಗತಿಯೆಂದು ಕರೆಯುತ್ತಿವೆ. ನನ್ನ ಜಗಳವಿರುವುದು ಇದರ ಮೇಲೆ.

ಮೊದಲೇ ಒಪ್ಪಿಕೊಳ್ಳುತ್ತೇನೆ: ನಾನು ಪಕ್ಷಪಾತಿ. 1980ರ ದಶಕದ ಕೊನೆಯಲ್ಲಿ ಎರಡು ವರ್ಷ ಆರೆಗಾನ್ ರಾಜ್ಯದ ಕಾರ್ವಾಲಿಸ್ ಎಂಬ ಸಣ್ಣ ಊರಿನಲ್ಲಿ ಓದಿದವನು ನಾನು. ಅಲ್ಲಿನ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅಂದಿನಿಂದ ಇಂದಿನವರೆಗೆ ಅಂಟಿಕೊಂಡಿದ್ದೇನೆ. ಚಳಿಗಾಲವೆಂದರೆ ಆ ಊರಿನಲ್ಲಿ ಬಿಡದ ಮಳೆ. ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಆ ಕತ್ತಲೆಯಲ್ಲಿ ದೀಪ ಹಚ್ಚಿಕೊಂಡು ಕಾದಿರುತ್ತಿದ್ದುದು 1949ರಲ್ಲಿ ತೆರೆದ ಗಿಲ್ ಕೊಲಿಸಿಯಂ ಎಂಬ ಹಳೆಯ ಆಟದ ಮನೆ. ರಾಲ್ಫ್ ಮಿಲ್ಲರ್ ಎಂಬ ಮುದಿ ಗುರು ಪಕ್ಕದಲ್ಲಿ ಕುಳಿತು ಗದರುತ್ತಿದ್ದ ಕಾಲ. ಗ್ಯಾರಿ ಪೇಟನ್ ಎಂಬ ಹುಡುಗ ಎದುರಾಳಿಯ ಕೈಯಿಂದ ಚೆಂಡನ್ನು ಕದ್ದೊಯ್ಯುತ್ತಿದ್ದ ಕಾಲ. ಮನೆಯಿಂದ ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿದ್ದ ಒಬ್ಬಂಟಿ ವಿದ್ಯಾರ್ಥಿಗೆ ಆ ಊರಿನವರೊಡನೆ ಮಾತನಾಡಲು ಒಂದು ವಿಷಯ ದೊರೆತದ್ದು ಅಲ್ಲಿಯೇ.

ಅಲ್ಲಿನ ಕಾಲೇಜು ತಂಡಗಳು ಕಾನ್ಫರೆನ್ಸ್ ಎಂಬ ಕೂಟಗಳಾಗಿ ಸೇರಿಕೊಂಡಿವೆ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಹೆಚ್ಚಾಗಿ ಹೊರಗಿನವರ ಮೇಲೆ ಆಟ. ಹೊಸ ವರ್ಷ ಹುಟ್ಟಿತೆಂದರೆ ಕೂಟದೊಳಗಿನ ಆಟ. ನಮ್ಮ ಕೂಟದ ಹೆಸರು ಆಗ ಪ್ಯಾಕ್-10. ಹತ್ತು ತಂಡಗಳು, ಐದು ಜೋಡಿಗಳು: ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್, ಆರೆಗಾನ್ ಮತ್ತು ಆರೆಗಾನ್ ಸ್ಟೇಟ್, ಕ್ಯಾಲಿಫೋರ್ನಿಯ ಮತ್ತು ಸ್ಟ್ಯಾನ್‌ಫರ್ಡ್, ಲಾಸ್ ಏಂಜಲಿಸ್ ನಗರದ ಯು.ಸಿ.ಎಲ್.ಎ. ಮತ್ತು ಸದರ್ನ್ ಕ್ಯಾಲಿಫೋರ್ನಿಯ. ಮರುಭೂಮಿಯ ಅರಿಜೋನ ಮತ್ತು ಅರಿಜೋನ ಸ್ಟೇಟ್. ಒಂದು ಜೋಡಿ ಇನ್ನೊಂದು ಜೋಡಿಯ ಸೀಮೆಗೆ ಬರುವುದು. ಗುರುವಾರ ಒಬ್ಬರು ನಮ್ಮಲ್ಲಿ, ಇನ್ನೊಬ್ಬರು ಸುಮಾರು ಅರುವತ್ತೈದು ಕಿಲೋಮೀಟರ್ ಆಚೆಯ ಯೂಜೀನ್ ಊರಿನ ಆರೆಗಾನಿನಲ್ಲಿ, ಶನಿವಾರ ಅದಲುಬದಲು. ಒಂಬತ್ತು ಎದುರಾಳಿಗಳು, ಒಬ್ಬೊಬ್ಬರ ಮೇಲೆ ಎರಡೆರಡು ಪಂದ್ಯ, ಒಂದು ಇಲ್ಲಿ, ಒಂದು ಅಲ್ಲಿ. ಒಟ್ಟು ಹದಿನೆಂಟು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಈ ಲೆಕ್ಕದಲ್ಲಿ ಒಂದು ನ್ಯಾಯವಿತ್ತು. ಜನವರಿಯಲ್ಲಿ ಅವರ ಊರಿನಲ್ಲಿ ಸೋತು ಬಂದರೆ, ಫೆಬ್ರವರಿಯಲ್ಲಿ ಅವರು ನಮ್ಮ ಊರಿಗೆ ಬಂದೇ ಬರಬೇಕು. ಜನವರಿಯಲ್ಲಿ ನಾವು ಮೆರೆದರೆ ನಮಗೂ ಕಾದಿರುತ್ತಿತ್ತು. 1981ರಲ್ಲಿ ಆದದ್ದೇ ಹಾಗೆ. ಆ ವರ್ಷ ಆರೆಗಾನ್ ಸ್ಟೇಟ್ ಇಪ್ಪತ್ತಾರು ಪಂದ್ಯಗಳನ್ನು ಒಂದೇ ಸಮನೆ ಗೆದ್ದು, ವಾರಗಟ್ಟಲೆ ದೇಶದ ಮೊದಲ ಸ್ಥಾನದಲ್ಲಿತ್ತು. ಕೂಟದ ಕೊನೆಯ ಪಂದ್ಯಕ್ಕೆ ಬಂದದ್ದು ಅರಿಜೋನ ಸ್ಟೇಟ್. ಅದನ್ನು ಹಿಂದೆ ಅದರ ಊರಿನಲ್ಲೇ ಸೋಲಿಸಿ ಬಂದಿದ್ದರು. ಮರುಪಂದ್ಯದಲ್ಲಿ ಸ್ವಂತ ಅಂಗಳದಲ್ಲಿ, ಸ್ವಂತ ಜನರೆದುರು, 87–67ರಿಂದ ಸೋತರು. ನಾನು ಆ ಊರಿಗೆ ಹೋಗುವ ವೇಳೆಗೆ ಅದು ಹಳೆಯ ಕಥೆ. ಆದರೂ ದಿನಸಿ ಅಂಗಡಿಯ ಯಜಮಾನರು ಆ ಸಂಜೆಯನ್ನು ನಿನ್ನೆ ನಡೆದಂತೆ ಹೇಳುತ್ತಿದ್ದರು. ಹೇಳಿ ತಲೆ ಕೊಡವುತ್ತಿದ್ದರು. ಅಪರಿಚಿತರ ಕೈಯಲ್ಲಿ ಸೋತಿದ್ದರೆ ಅವರು ಮರೆಯುತ್ತಿದ್ದರು. ಬಲ್ಲವರ ಕೈಯಲ್ಲಿ ಸೋತದ್ದರಿಂದ ನೆನಪು ಉಳಿಯಿತು.

ಈ ಕೂಟವೇನೂ ನಿನ್ನೆ ಮೊನ್ನೆಯದಲ್ಲ. 1915ರ ಡಿಸೆಂಬರಿನಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ನಾಲ್ಕು ಸಂಸ್ಥೆಗಳು ಸೇರಿ ಕಟ್ಟಿದ್ದು. ಆ ನಾಲ್ಕರಲ್ಲಿ ಒಂದು ಆರೆಗಾನ್ ಕೃಷಿ ಕಾಲೇಜು, ಎಂದರೆ ಇಂದಿನ ಆರೆಗಾನ್ ಸ್ಟೇಟ್. 1959ರಲ್ಲಿ, ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟ ಹಗರಣಗಳ ಬಳಿಕ, ಕೂಟ ಒಡೆಯಿತು. ಕೆಲವರು ಬೇರೆ ಮನೆ ಹೂಡಿದರು. ಆರೆಗಾನಿನ ಇಬ್ಬರನ್ನೂ ಹೊರಗೆ ಬಿಟ್ಟರು. ಆದರೆ 1964ರ ಹೊತ್ತಿಗೆ ಮತ್ತೆ ಒಳಗೆ ಕರೆದುಕೊಂಡರು. ನೆರೆಯವರು ಮುನಿಸಿಕೊಳ್ಳುವುದೂ ಉಂಟು, ಮತ್ತೆ ಒಂದಾಗುವುದೂ ಉಂಟು. ಭೂಗೋಳ ಅವರನ್ನು ಬಹಳ ಕಾಲ ಅಗಲಲು ಬಿಡುತ್ತಿರಲಿಲ್ಲ.

ಈಗ ಆ ಭೂಗೋಳವೇ ಬೇಡವಾಗಿದೆ. 2022ರ ಜೂನ್ 30ರಂದು ಲಾಸ್ ಏಂಜಲಿಸಿನ ಇಬ್ಬರೂ ಮಧ್ಯ ಪಶ್ಚಿಮದ ಬಿಗ್ ಟೆನ್ ಕೂಟಕ್ಕೆ ಹೋಗುವುದಾಗಿ ಸಾರಿದರು. ಆ ಕೂಟ ಅದೇ ಆಗಸ್ಟಿನಲ್ಲಿ ಟೆಲಿವಿಷನ್ನಿನವರೊಡನೆ ಏಳು ವರ್ಷಕ್ಕೆ ಏಳುನೂರು ಕೋಟಿ ಡಾಲರಿಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. 2023ರಲ್ಲಿ ಆರೆಗಾನ್, ವಾಷಿಂಗ್ಟನ್ ಅದೇ ದಾರಿ ಹಿಡಿದವು. ಅರಿಜೋನದ ಜೋಡಿಯೂ, 2011ರಲ್ಲಿ ಬಂದು ಸೇರಿದ್ದ ಯೂಟಾ, ಕೊಲೊರಾಡೊಗಳೂ ಬಿಗ್ 12 ಎಂಬ ಕೂಟಕ್ಕೆ ಹೋದವು. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಗಳು ಹೋದದ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ! ಶಾಂತಸಾಗರದ ದಂಡೆಯಲ್ಲಿ ನಿಂತವರು ಅಟ್ಲಾಂಟಿಕ್ ಕರಾವಳಿಯವರಾದರು. ಬಿಗ್ ಟೆನ್ ಎಂದು ಹೆಸರಿಟ್ಟುಕೊಂಡವರು ಹದಿನೆಂಟು ಮಂದಿಯಾದರು. ಭೂಗೋಳವನ್ನೂ ಗಣಿತವನ್ನೂ ಬೋಧಿಸಿ ಪದವಿ ಕೊಡುವ ಸಂಸ್ಥೆಗಳು ಇವು ಎಂಬುದನ್ನು ಓದುಗರು ಮರೆಯಬಾರದು.

2024ರ ಬೇಸಿಗೆಯ ಹೊತ್ತಿಗೆ ಹನ್ನೆರಡರಲ್ಲಿ ಹತ್ತು ಹೊರಟುಹೋಗಿದ್ದವು. ಮನೆಯಲ್ಲಿ ಉಳಿದವರು ಇಬ್ಬರು: ವಾಷಿಂಗ್ಟನ್ ಸ್ಟೇಟ್ ಮತ್ತು 1915ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಆರೆಗಾನ್ ಸ್ಟೇಟ್. ಸಣ್ಣ ಊರುಗಳು; ಟೆಲಿವಿಷನ್ ನೋಡುವ ಮನೆಗಳು ಕಡಿಮೆ. ಅವರ ಅಪರಾಧ ಅಷ್ಟೆ.

ಒಂದು ವಿಚಿತ್ರವನ್ನು ನೋಡಿ. ಯು.ಸಿ.ಎಲ್.ಎ. ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯ ಎರಡೂ ಒಂದೇ ಆಡಳಿತ ಮಂಡಲಿಯ ಮಕ್ಕಳು. ಅಕ್ಕ ಶ್ರೀಮಂತರ ಮನೆಗೆ ಹೋದದ್ದರಿಂದ ತಂಗಿಗೆ ನಷ್ಟವಾಯಿತೆಂದು, ಅಕ್ಕ ತಂಗಿಗೆ ವರ್ಷಕ್ಕೆ ಒಂದು ಕೋಟಿ ಡಾಲರಿನಂತೆ ಮೂರು ವರ್ಷ ಕೊಡತಕ್ಕದ್ದೆಂದು ಮಂಡಲಿ 2024ರಲ್ಲಿ ತೀರ್ಮಾನಿಸಿತು. ತಪ್ಪೇ ಆಗಿಲ್ಲವೆಂದಾದರೆ ಈ ಜೀವನಾಂಶ ಯಾವುದಕ್ಕೆ? ಆ ತಂಗಿಯೋ, ಸ್ಟ್ಯಾನ್‌ಫರ್ಡಿನೊಡನೆ ಅಟ್ಲಾಂಟಿಕ್ ಕೂಟಕ್ಕೆ ಹೋಗುವಾಗ ಮೊದಲ ಏಳು ವರ್ಷ ಟೆಲಿವಿಷನ್ ಹಣದ ಪೂರ್ಣ ಪಾಲಿನಲ್ಲಿ ನೂರಕ್ಕೆ ಮೂವತ್ತು ಸಾಕೆಂದು ಒಪ್ಪಿಕೊಂಡಳು. ಬಾಸ್ಟನ್ನಿನಲ್ಲಿ ಒಂದು ಪಂದ್ಯ ಆಡಲು ನಾಲ್ಕು ಸಾವಿರ ಕಿಲೋಮೀಟರಿಗೂ ಮಿಕ್ಕಿ ಹಾರಬೇಕು, ಮೂರು ಗಂಟೆ ಗಡಿಯಾರ ತಿರುಗಿಸಬೇಕು, ಅದೂ ಕಡಿಮೆ ಕೂಲಿಗೆ.

ಇನ್ನು ಸಮರ್ಥಕರ ಮಾತಿಗೆ ಬರೋಣ. ಅವರ ಮೊದಲನೆಯ ವಾದ: ಅಭಿಮಾನಿಗೆ ಈಗ ದೊಡ್ಡ ದೊಡ್ಡ ಪಂದ್ಯಗಳು ಸಿಗುತ್ತವೆ. ಲೆಕ್ಕ ಹಾಕಿ. ಬಿಗ್ ಟೆನ್ನಿನಲ್ಲಿ ಹದಿನೆಂಟು ತಂಡಗಳು. ಒಂದು ತಂಡಕ್ಕೆ ಕೂಟದ ಪಂದ್ಯಗಳು ಇಪ್ಪತ್ತು. ಎಂದರೆ ಹದಿನೇಳು ಎದುರಾಳಿಗಳಲ್ಲಿ ಮೂವರ ಮೇಲೆ ಎರಡು ಸಲ, ಉಳಿದ ಹದಿನಾಲ್ವರ ಮೇಲೆ ಒಂದೇ ಸಲ. ಆ ಹದಿನಾಲ್ವರಲ್ಲಿ ಅರ್ಧ ಮಂದಿ ಆ ವರ್ಷ ನಮ್ಮ ಊರಿಗೆ ಬರುವುದೇ ಇಲ್ಲ. ಸೋತರೆ ತೀರಿಸಿಕೊಳ್ಳಲು ಮರುಪಂದ್ಯವಿಲ್ಲ. ಒಬ್ಬ ಒಳ್ಳೆಯ ಎದುರಾಳಿಯ ಚಾಳಿಯನ್ನು ಕಲಿಯುವಷ್ಟರಲ್ಲಿ ಅವನು ಪದವಿ ಪಡೆದು ಹೋಗಿರುತ್ತಾನೆ. ಕೂಟದ ಅಗ್ರಸ್ಥಾನವೂ ಯಾರ ಪಾಲಿಗೆ ಯಾವ ಮೂವರು ಎರಡೆರಡು ಸಲ ಬಂದರು ಎಂಬುದರ ಮೇಲೆ ಅರ್ಧ ನಿಂತಿದೆ. ಇದು ದೊಡ್ಡ ಆಟವೇ ಇರಬಹುದು, ನ್ಯಾಯವಾದ ಆಟವಲ್ಲ.

ಎರಡನೆಯ ವಾದ: ಹಣ ಬಂದದ್ದರಿಂದಲೇ ಆಟಗಾರನಿಗೆ ಸಂಬಳ ಸಿಕ್ಕಿತು. ಆಟಗಾರನಿಗೆ ಹಣ ಸಲ್ಲಬೇಕೆಂಬುದು ಒಪ್ಪತಕ್ಕ ಮಾತು. ದಶಕಗಳ ಕಾಲ ಅವನ ಬೆವರಿನಲ್ಲಿ ಗುರುಗಳೂ ಅಧಿಕಾರಿಗಳೂ ಶ್ರೀಮಂತರಾದರು. ಅವನಿಗೆ ಊಟ, ವಸತಿ, ಪುಸ್ತಕ. ಆದರೆ ಆ ಬಾಗಿಲನ್ನು ತೆರೆಸಿದ್ದು ಬಹುಮಟ್ಟಿಗೆ ಆಟಗಾರರೇ ನ್ಯಾಯಾಲಯಗಳಲ್ಲಿ ಹೂಡಿದ ದಾವೆಗಳು. 2021ರಲ್ಲಿ ತಮ್ಮ ಹೆಸರಿನಿಂದ ಗಳಿಸುವ ಹಕ್ಕು ಬಂದಿತು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಿಂದ ವಿಶ್ವವಿದ್ಯಾಲಯಗಳು ನೇರವಾಗಿ ಹಣ ಕೊಡುವಂತಾಯಿತು. ಗುರುವಾರ ರಾತ್ರಿ ಖಂಡದ ಆ ತುದಿಗೆ ಹಾರು ಎಂದು ಯಾವ ನ್ಯಾಯಾಧೀಶರೂ ಅಪ್ಪಣೆ ಕೊಡಿಸಲಿಲ್ಲ. ಈ ವಲಸೆಯೆಲ್ಲ ಅಮೆರಿಕನ್ ಫುಟ್‌ಬಾಲಿನ ಟೆಲಿವಿಷನ್ ಹಣಕ್ಕಾಗಿ ನಡೆದದ್ದು. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ, ಬಹುತೇಕ ಶನಿವಾರ, ಆಡುತ್ತದೆ. ಬ್ಯಾಸ್ಕೆಟ್‌ಬಾಲಿನ ಹುಡುಗ ಹುಡುಗಿಯರು ವಾರಕ್ಕೆರಡು ಸಲ, ತರಗತಿಗಳ ನಡುವೆ. ಊಟ ಮಾಡಿದವನು ಒಬ್ಬ, ಎಲೆ ತೆಗೆಯುವವನು ಇನ್ನೊಬ್ಬ.

ಮೂರನೆಯ ವಾದ ಹೆಚ್ಚು ಗಟ್ಟಿಯಾದದ್ದು: ಹಳೆಯ ಕೂಟಗಳೇನು ಸ್ವರ್ಗವಾಗಿದ್ದವೆ? ಇರಲಿಲ್ಲ. ನೆರೆಹೊರೆಯೆಂಬುದು ಎಷ್ಟೋ ಕಡೆ ಬೇಲಿಯೂ ಆಗಿತ್ತು. ದಕ್ಷಿಣದ ಸೌತ್ ಈಸ್ಟರ್ನ್ ಕೂಟದಲ್ಲಿ ಮೊದಲ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿ ಪೆರಿ ವಾಲೆಸ್ ಎಂಬ ಯುವಕ ವ್ಯಾಂಡರ್‌ಬಿಲ್ಟ್ ತಂಡದ ಪರವಾಗಿ ಕಣಕ್ಕಿಳಿದದ್ದು 1967ರಲ್ಲಿ. ನೆರೆಯ ಊರುಗಳಲ್ಲಿ ಆತ ಕೇಳಿದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಆದರೆ ಬೇಲಿ ಕೆಟ್ಟದ್ದೆಂದರೆ ಬೇಲಿಯನ್ನು ಕೀಳಬೇಕು, ಊರನ್ನೇ ಮಾರಬೇಕೆ? ಮಾರಿದವರು ಯಾವ ಅನ್ಯಾಯವನ್ನು ಸರಿಪಡಿಸಲು ಮಾರಿದರೆಂದು ಕೇಳಿದರೆ ಉತ್ತರ ಬಾರದು.

ಬೇರೆ ದಾರಿ ಇರಲಿಲ್ಲವೆಂಬುದೂ ಸುಳ್ಳು. ಪೂರ್ವತೀರದ ಬಿಗ್ ಈಸ್ಟ್ ಕೂಟವನ್ನು ನೋಡಿ. 1979ರಲ್ಲಿ ಬ್ಯಾಸ್ಕೆಟ್‌ಬಾಲಿಗಾಗಿಯೇ ಹುಟ್ಟಿದ್ದು. ಮುಂದೆ ಫುಟ್‌ಬಾಲಿನ ಆಸೆಗೆ ಬಿದ್ದು ಹಿಗ್ಗಿ, ಹರಿದು ಚಿಂದಿಯಾಯಿತು. 2013ರಲ್ಲಿ ಜಾರ್ಜ್‌ಟೌನ್, ವಿಲನೋವ, ಸೇಂಟ್ ಜಾನ್ಸ್ ಮೊದಲಾದ ಏಳು ಕ್ಯಾಥೊಲಿಕ್ ಸಂಸ್ಥೆಗಳು ತಮ್ಮ ಹೆಸರನ್ನು ತಾವೇ ಉಳಿಸಿಕೊಂಡು ಹೊರಬಂದವು. ಮೂವರು ಸಮಾನಮನಸ್ಕರನ್ನು ಸೇರಿಸಿಕೊಂಡವು. 2020ರಲ್ಲಿ ಕನೆಕ್ಟಿಕಟ್ ಮರಳಿತು. ಒಮಾಹಾ ನಗರವೇನೂ ನ್ಯೂಯಾರ್ಕಿನ ಹಿತ್ತಿಲಲ್ಲ, ಒಪ್ಪುತ್ತೇನೆ. ಆದರೂ ಹನ್ನೊಂದು ತಂಡ, ಇಪ್ಪತ್ತು ಪಂದ್ಯ, ಎಲ್ಲರೂ ಎಲ್ಲರ ಮೇಲೆ ಎರಡು ಸಲ. ಹಳೆಯ ನ್ಯಾಯ ಅಲ್ಲಿ ಇನ್ನೂ ನಡೆಯುತ್ತಿದೆ. ಇದರಿಂದ ಅವರು ಬಡವಾದರೆ? ವಿಲನೋವ 2016 ಮತ್ತು 2018ರಲ್ಲಿ, ಕನೆಕ್ಟಿಕಟ್ 2023 ಮತ್ತು 2024ರಲ್ಲಿ ರಾಷ್ಟ್ರದ ಪ್ರಶಸ್ತಿ ಗೆದ್ದವು.

ಆದ್ದರಿಂದ ನನ್ನ ಬೇಡಿಕೆ ಸರಳವಾದದ್ದು. ಫುಟ್‌ಬಾಲ್ ತನ್ನ ಹಣವಿರುವಲ್ಲಿಗೆ ಹೋಗಲಿ. ಅದರ ಬಾಲಕ್ಕೆ ಕಟ್ಟಿ ಉಳಿದ ಆಟಗಳನ್ನೆಲ್ಲ ಎಳೆಯುವುದನ್ನು ನಿಲ್ಲಿಸಿ. ಬ್ಯಾಸ್ಕೆಟ್‌ಬಾಲನ್ನು ಅದರ ನೆರೆಯವರ ನಡುವೆ ಬಿಡಿ. ಇದಕ್ಕೆ ಹೊಸ ಕಾನೂನು ಬೇಡ; ಹತ್ತು ಜನ ಕುಲಪತಿಗಳಿಗೆ ಒಂದು ಮಧ್ಯಾಹ್ನದ ನಾಚಿಕೆ ಸಾಕು.

ನಮ್ಮ ತಂಡವೇನೂ ಸತ್ತಿಲ್ಲ. ಅದಕ್ಕೆ ಕೆಟ್ಟ ದಿನಗಳ ಅಭ್ಯಾಸವುಂಟು. 2021ರಲ್ಲಿ ಕೂಟದ ಹನ್ನೆರಡರಲ್ಲಿ ಕೊನೆಯದಾದೀತೆಂದು ಎಲ್ಲರೂ ಎಣಿಸಿದ್ದಾಗ, ಕೂಟದ ಪ್ರಶಸ್ತಿ ಗೆದ್ದು ದೇಶದ ಕೊನೆಯ ಎಂಟರವರೆಗೆ ಹೋಯಿತು. ಮರುವರ್ಷ ಮೂರು ಗೆದ್ದು ಇಪ್ಪತ್ತೆಂಟು ಸೋತಿತು. ಆ ಇಪ್ಪತ್ತೆಂಟನ್ನೂ ನಾನು ಹಿಂಬಾಲಿಸಿದೆ, ದೂರಲಿಲ್ಲ. 2024ರಲ್ಲಿ ವೆಸ್ಟ್ ಕೋಸ್ಟ್ ಕೂಟದ ಸಣ್ಣ ಕಾಲೇಜುಗಳು ಜಗಲಿಯಲ್ಲಿ ಜಾಗ ಕೊಟ್ಟವು. 2025ರ ಜನವರಿಯಲ್ಲಿ ಅವುಗಳಲ್ಲಿ ಬಲಿಷ್ಠವಾದ ಗೊನ್ಜಾಗ ತಂಡವನ್ನು ಗಿಲ್ ಕೊಲಿಸಿಯಂನಲ್ಲಿ, ಹೆಚ್ಚುವರಿ ವೇಳೆಯಲ್ಲಿ, ಸೋಲಿಸಿದಾಗ ಆ ಹಳೆಯ ಮನೆ ಮತ್ತೊಮ್ಮೆ ಅದುರಿತಂತೆ.

ಆದರೆ ಅರುವತ್ತೈದು ಕಿಲೋಮೀಟರ್ ಆಚೆಯ ಆರೆಗಾನ್? ಈ ಇಬ್ಬರೂ ಪರಸ್ಪರ 350ಕ್ಕೂ ಹೆಚ್ಚು ಸಲ ಆಡಿದ್ದಾರೆ. ದೇಶದ ಬೇರೆ ಯಾವ ಎರಡು ದೊಡ್ಡ ಕಾಲೇಜುಗಳೂ ಬ್ಯಾಸ್ಕೆಟ್‌ಬಾಲಿನಲ್ಲಿ ಇಷ್ಟು ಸಲ ಎದುರುಬದುರಾಗಿಲ್ಲ. 2024ರ ಚಳಿಗಾಲದಲ್ಲಿ ಅವರು ಸೇರಿದ್ದು ಒಂದೇ ಸಲ, ಅದೂ ನವೆಂಬರಿನಲ್ಲಿ, ಹೊರಗಿನವರ ಲೆಕ್ಕದಲ್ಲಿ. ಫೆಬ್ರವರಿಯ ಮಳೆಯಲ್ಲಿ ಯೂಜೀನಿನಿಂದ ಕಾರ್ವಾಲಿಸಿಗೆ ಬರಬೇಕಾಗಿದ್ದ ಬಸ್ಸು ಬರಲಿಲ್ಲ. ಅದರೊಳಗೆ ಕುಳಿತಿರಬೇಕಾಗಿದ್ದ ಹುಡುಗರು ಆ ಹೊತ್ತಿಗೆ ದೂರದ ಯಾವುದೋ ವಿಮಾನ ನಿಲ್ದಾಣದಲ್ಲಿ ಗಡಿಯಾರ ತಿರುಗಿಸುತ್ತಿದ್ದರು. ಯಾರ ಮೇಲೆ ಆಡಿದರೇನು ಎಂದು ಕೇಳಿದ ಮಿತ್ರರಿಗೆ ನನ್ನ ಉತ್ತರ ಆ ಬಸ್ಸು.