ದಾರಿ ಮರೆತ ಜೇನು
ಮುಂಬಯಿಯ ಬಾಂದ್ರಾದ ಬಹುಮಹಡಿ ಸೌಧಗಳ ಬಾಲ್ಕನಿಗಳಡಿಯಲ್ಲಿ ಜೋತುಬಿದ್ದ ಹೆಜ್ಜೇನಿನ ಹುಟ್ಟಿಗೆ ಕೀಟನಾಶಕವನ್ನು ಸಿಂಪಡಿಸಿ ನಿಶ್ಚಿಂತರಾಗುವವರ ಕಣ್ಣಿಗೆ ಬೀಳುವುದು ನೆಲದ ಮೇಲೆ ರಾಶಿಯಾದ ಹುಳುಗಳ ಮರಣ. ಹೊಲಗಳಲ್ಲಿ ಬಿತ್ತನೆಯ ಬೀಜಕ್ಕೇ ಲೇಪಿತವಾಗಿ, ಸಸ್ಯರಸದೊಡನೆ ಮೇಲೇರಿ, ಪರಾಗ ಮಕರಂದಗಳಲ್ಲಿ ಲೇಶಮಾತ್ರವಾಗಿ ಉಳಿಯುವ ನಿಯೊನಿಕೋಟಿನಾಯ್ಡ್ ವರ್ಗದ ವಿಷವು ಜೇನನ್ನು ಕೊಲ್ಲದೆಯೇ ಕೆಡಿಸುವ ಬಗೆ ಅದಕ್ಕಿಂತ ದಾರುಣವಾದುದೆಂದು ನನ್ನ ಭಾವನೆ. ಸೂರ್ಯನ ನೆಲೆಯನ್ನೂ, ಆಕಾಶದ ಧ್ರುವೀಕೃತ ಬೆಳಕನ್ನೂ, ದಾರಿಯ ಮರ ಕಟ್ಟಡಗಳ ಗುರುತನ್ನೂ ಸ್ಮರಣೆಯಲ್ಲಿಟ್ಟುಕೊಂಡು ದೂರ ಹಾರಿ, ಗೂಡಿಗೆ ಮರಳಿ, ಹೂವಿರುವ ದಿಕ್ಕನ್ನು ನರ್ತನದಿಂದ ಸೋದರಿಯರಿಗೆ ಅರುಹುವ ಆ ಪುಟ್ಟ ಮೆದುಳಿನ ನರಸಂಧಿಗಳಲ್ಲಿ ವಿಷವು ನೆಲೆಯೂರಿದೊಡನೆ ಸ್ಮೃತಿಯು ಮಸುಳುತ್ತದೆ. 2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಜೇನುಗಳ ಬೆನ್ನಿಗೆ ಸೂಕ್ಷ್ಮ ರೇಡಿಯೋ ಗುರುತುಪಟ್ಟಿಗಳನ್ನು ಅಂಟಿಸಿ, ಇದೇ ವರ್ಗದ ಥಯಾಮೆಥಾಕ್ಸಾಮ್ ಎಂಬ ವಿಷವನ್ನು ಮಾರಕವಲ್ಲದಷ್ಟು ಉಣಿಸಿ ಬಿಟ್ಟಾಗ, ಗೂಡು ಸೇರದೆ ಕಣ್ಮರೆಯಾದವುಗಳ ಪ್ರಮಾಣ ವಿಷವುಣ್ಣದವುಗಳಿಗಿಂತ ಬಹಳ ಹೆಚ್ಚಾಗಿತ್ತು. ಯುರೋಪ್ ಒಕ್ಕೂಟವು 2018ರಲ್ಲಿ ಥಯಾಮೆಥಾಕ್ಸಾಮನ್ನೂ ಒಳಗೊಂಡು ಈ ವರ್ಗದ ಮೂರು ವಿಷಗಳ ಬಯಲುಬಳಕೆಯನ್ನು ನಿಷೇಧಿಸಿತು. ಬಾಂದ್ರಾಕ್ಕೆ ಸಮೀಪದ ವಿಲೇಪಾರ್ಲೆಯಲ್ಲಿ ಪ್ರಧಾನ ಕಚೇರಿಯುಳ್ಳ ಖಾದಿ ಗ್ರಾಮೋದ್ಯೋಗ ಆಯೋಗವು ರೈತರಿಗೆ ಜೇನುಪೆಟ್ಟಿಗೆಗಳನ್ನು ಹಂಚುತ್ತಿರುವ ನಮ್ಮ ದೇಶದಲ್ಲಿಯೂ, ಹೂವರಳಿರುವ ವೇಳೆಯಲ್ಲಿ ಸಿಂಪರಣೆ ಸಲ್ಲದೆಂಬ ಕಟ್ಟಳೆಯನ್ನು ಪೆಟ್ಟಿಗೆಯೊಡನೆಯೇ ಹೊಲಕ್ಕೆ ತಲುಪಿಸತಕ್ಕದ್ದು.